ಹಿಮ್ಮಡಿ ಹೇಳಿದ ಅಳತೆ

ಬೋತ್ನಿಯಾ ಕೊಲ್ಲಿ ನನ್ನನ್ನು ಕೇಳದೆ ಯಾವತ್ತೂ ಹೆಪ್ಪುಗಟ್ಟಿದ್ದಿಲ್ಲ. ಒಂದು ವರ್ಷ ನಾನು ಜ್ವರ ಬಂದು ಮಲಗಿದ್ದಾಗ ತನ್ನ ಪಾಡಿಗೆ ಗಟ್ಟಿಯಾಗಲು ಹೊರಟು, ಅರ್ಧಕ್ಕೇ ಹೆದರಿ ಕರಗಿಬಿಟ್ಟಿತಂತೆ. ಈ ಕೊಲ್ಲಿಯ ಮೇಲೆ ನಿಂತು ನಾನು ಹಿಮ್ಮಡಿಯಿಂದ ಒಂದು ಸಲ ಕುಟ್ಟಿದರೆ ಸಾಕು, ಕಾಲಡಿಯ ಮಂಜುಗಡ್ಡೆ ತನ್ನ ದಪ್ಪವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಒಪ್ಪಿಸುತ್ತದೆ. ಎರಡು ಸಲ ಕುಟ್ಟಿದರೆ ಅಡಿಯಲ್ಲಿ ಈಜುವ ಮೀನಿನ ತೂಕವನ್ನೂ ಹೇಳುತ್ತದೆ. ಮೂರನೆಯ ಸಲ ನಾನು ಕುಟ್ಟುವುದಿಲ್ಲ. ಆಚೆ ದಡದಲ್ಲಿ ಸ್ವೀಡನ್ನಿನವರ ಕಾಫಿ ತುಳುಕುತ್ತದೆಂದು ದೂರು ಬಂದಿದೆ.

"ಹಾಗಾದ್ರೆ ಒಂದು ಸಲ ಕುಟ್ಟಿ," ಎಂದರು ಇನ್ಸ್‌ಪೆಕ್ಟರ್ ಸಿಗ್ರಿಡ್ ಎಕ್‌ಹೋಮ್.

ನನ್ನ ಸ್ನೋ ಸ್ಕೂಟರಿನ ಸೀಟಿನ ಮೇಲೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತಿದ್ದರು. ಮಾರ್ಚಿನ ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಬಿಡಲಾಗುತ್ತಿರಲಿಲ್ಲ. ಆಕೆ ಜೇಬಿನಿಂದ ಉಪ್ಪಿನ ಕರಿ ಮಿಠಾಯಿಯೊಂದನ್ನು ತೆಗೆದು ಬಾಯಿಗೆ ಹಾಕಿಕೊಂಡರು. ಮಿಠಾಯಿ ಬಾಯಲ್ಲಿರುವ ತನಕ ಆಕೆ ಹೆಚ್ಚಾಗಿ ಕೇಳಿಸಿಕೊಳ್ಳುತ್ತಾರೆ, ಕರಗಿದ ಮೇಲೆ ಹಿಡಿಯುತ್ತಾರೆ. ಜೊತೆಗೆ ಓಡಾಡಿ ನಾನು ಕಂಡುಕೊಂಡಿದ್ದ ಗುಟ್ಟು ಇದು.

ಕುಟ್ಟಿದೆ. ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಸಂಗೀತಗಾರ ಶ್ರುತಿ ಹಿಡಿಯುವಂತೆ ಒಂದು ಗಳಿಗೆ ನಿಂತೆ.

"ನೂರ ಎಂಟು."

"ಖಚಿತಾನಾ?"

"ಮೇಡಂ, ನೂರ ಏಳೂವರೆ ಬಂದ್ರೆ ಈ ಕಾಲು ನಿಮ್ಮದು. ತುರ್ಕು ಊರಿನ ನಿಮ್ಮ ಆಫೀಸಿಗೆ ಪಾರ್ಸೆಲ್ ಮಾಡಿಸ್ಕೊಳ್ಳಿ."

"ನನ್ನ ಹತ್ರ ಆಗ್ಲೇ ಎರಡಿವೆ. ಬೈರಿಗೆ ತನ್ನಿ."

ನಾವು ಇಲ್ಲಿಗೆ ಯಾಕೆ ಬಂದೆವು ಎನ್ನುವುದನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಫೆಬ್ರವರಿಯಲ್ಲಿ, ಮಂಜುಗಡ್ಡೆ ಒಡೆಯುವ ಹೊಚ್ಚ ಹೊಸ ಹಡಗು ಆಹ್ಮಾ, ಗಡ್ಡೆಯಲ್ಲಿ ಸಿಕ್ಕಿಬಿದ್ದಿದ್ದ ಸರಕು ಹಡಗು ವಿಯೋಲಾವನ್ನು ಬಿಡಿಸಲು ಹೋಗಿ ನಡುದಾರಿಯಲ್ಲಿ ತಾನೇ ಸಿಕ್ಕಿಕೊಂಡಿತು. ಅಷ್ಟರಲ್ಲಿ ಗಾಳಿ ತಿರುಗಿತು. ವಿಯೋಲಾವನ್ನು ಗಡ್ಡೆ ಬಂಡೆಗೆ ಒತ್ತಿ ಮುಳುಗಿಸಿತು. ಅದರ ಎಂಜಿನ್ ಕೋಣೆಯಲ್ಲಿದ್ದ ಝೆನೋನ್ ಎಂಬ ಪೋಲೆಂಡಿನ ಮುದುಕ ಮೇಲೆ ಬರಲೇ ಇಲ್ಲ.

ಆಹ್ಮಾದ ಕ್ಯಾಪ್ಟನ್ ತೌನೋ ನಿಸ್ಕಾ ನನ್ನ ಅಕ್ಕ ಹಿಲ್ಯಾಳ ಗಂಡ. ನೇರವಾಗಿ ನುಗ್ಗುವ ತೀರ್ಮಾನ ತನ್ನದೇ ಎಂದು ಭಾವ ಮೊದಲ ದಿನವೇ ಒಪ್ಪಿಕೊಂಡಿದ್ದರು. ಹೋದ ವರ್ಷದ ಪರೀಕ್ಷೆಯಲ್ಲಿ ನೂರ ಹನ್ನೆರಡು ಸೆಂಟಿಮೀಟರ್ ಗಡ್ಡೆಯನ್ನು ಸಲೀಸಾಗಿ ಒಡೆದ ಹಡಗು ಅದಕ್ಕಿಂತ ತೆಳುವಾದ, ನೂರರ ಗಡ್ಡೆಯಲ್ಲಿ ನಿಂತಿತು ಎಂದರೆ ತಪ್ಪು ಹಡಗಿನದಲ್ಲ, ನಡೆಸಿದವನದು. ಧೈರ್ಯಗೆಟ್ಟು ಎಂಜಿನ್ನಿಗೆ ಪೂರ್ತಿ ಬಲ ಕೊಡಲಿಲ್ಲ ಎನ್ನುವುದು ಹಡಗಿನ ಮಾಲೀಕರ ವಾದ. ಸೋಮವಾರ ವಿಚಾರಣೆ. ಅಂದು ಭಾವನ ಪರವಾನಗಿ ಉಳಿಯುತ್ತದೆ, ಇಲ್ಲವೇ ಹೋಗುತ್ತದೆ.

ಅದನ್ನು ಉಳಿಸಬೇಕೆಂದೇ ನಾನು ಈ ಪತ್ತೇದಾರಿಕೆಗೆ ಇಳಿದದ್ದು. ಇಳಿದದ್ದು ಅದಕ್ಕೇ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೂ ನಾನೇ.

ಝೆನೋನನ ಶವಪೆಟ್ಟಿಗೆಯನ್ನು ಆಯೋಸ್ ಬಂದರಿನಲ್ಲಿ ಕ್ರೇನಿನಿಂದ ಹಡಗಿಗೆ ಏರಿಸಿದ ದಿನ ನಮ್ಮ ಕೆಮಿಯ ಅರ್ಧ ಊರು ಟೋಪಿ ತೆಗೆದು ನಿಂತಿತ್ತು. ನಾನೂ ಇದ್ದೆ. ಮರದ ದಿಮ್ಮಿಗಳ ರಾಶಿಯ ಹಿಂದೆ.

ಬೈರಿಗೆಯನ್ನು ಚೀಲದಿಂದ ಹೊರಗೆಳೆದೆ. ಕೆಂಪು ಬಣ್ಣದ್ದು, ನನ್ನ ಸೊಂಟದಿಂದ ಸ್ವಲ್ಪ ಮೇಲಕ್ಕೆ ಬರುತ್ತದೆ. ಹಿಡಿಯಿಂದ ಮೊನೆಗೆ ಸರಿಯಾಗಿ ಒಂದು ಮೀಟರ್ ಕೊರೆಯುತ್ತದೆ.

"ಇದಕ್ಕೆ ಜೋಡಿ ಇಲ್ಲ ಮೇಡಂ," ಎಂದೆ. ಕೈಯಲ್ಲಿ ಬೈರಿಗೆ ಬಂದರೆ ನನ್ನ ಬಾಯಿ ತಾನಾಗಿಯೇ ತಿರುಗುತ್ತದೆ. "ಹೋದ ವರ್ಷ ಹಡಗಿನ ಪರೀಕ್ಷೆ ದಿನ ಅದನ್ನ ಕಟ್ಟಿದ ಯಾರ್ಡಿನೋರು ತಮ್ಮದೊಂದು ಬೈರಿಗೆ ತಂದಿದ್ರು. ಇದ್ರಲ್ಲಿ ಗಂಜಿ ತಿರುವ್ರಿ ಅಂದೆ. ಇದರ ತಿರುಪಿದೆ ನೋಡಿ, ಹಲ್ಲುಗಳನ್ನ ನಾನೇ ಅರ ಹಾಕಿ ಬದಲಾಯಿಸಿದೀನಿ. ಅಂಗಡಿಯ ಯಾವ ಕೋಲೂ ಇದಕ್ಕೆ ಕೂರಲ್ಲ. ಎರವಲು ಕೇಳೋರ ಕಾಟ ತಪ್ಪಲಿ ಅಂತ."

"ಅಂದ್ರೆ ಇದಕ್ಕೆ ಉದ್ದ ಬೇಕಾದ್ರೆ?"

"ಜೋಡಣೆ ಕೋಲಿದೆ. ಭೂಮಿ ಮೇಲೆ ಒಂದೇ ಒಂದು."

ಆಕೆ ಮಿಠಾಯಿಯನ್ನು ಎಡದಿಂದ ಬಲಕ್ಕೆ ದಾಟಿಸಿದರು.

ಕೊರೆಯಲು ಶುರು ಮಾಡಿದೆ. ಬಿಳಿಯ ಪುಡಿ ತೂತಿನ ಸುತ್ತ ಗುಡ್ಡೆಯಾಗುತ್ತ ಬಂತು. ದೂರದಲ್ಲಿ ದಡದ ಕಡೆ, ಭಾವನ ಮನೆಯ ಹಳದಿ ಗೋಡೆ ಕಾಣುತ್ತಿತ್ತು. ಅದರ ಮುಂದೆ, ಗಡ್ಡೆಯ ಮೇಲೆ, ಒಂದು ಕಪ್ಪು ಚುಕ್ಕೆ. ಮೀನು ಹಿಡಿಯುವವರು ಯಾರೋ ಇರಬೇಕೆಂದುಕೊಂಡೆ.

"ಮೂರೇ ಅಳತೆ ಅಲ್ವಾ ಯಾಲ್ಮರಿ?" ಎಂದರು ಇನ್ಸ್‌ಪೆಕ್ಟರ್. "ಎಂಜಿನ್ ಎಷ್ಟು ಬಲ ಹಾಕ್ತು, ಹಡಗು ಎಷ್ಟು ವೇಗ ಹೋಯ್ತು, ಗಡ್ಡೆ ಎಷ್ಟು ದಪ್ಪ ಇತ್ತು. ಹಡಗಿನ ಯೋಗ್ಯತೆ ಇಷ್ಟೇ ಅಂತ ಹೇಳೋಕೆ ಈ ಮೂರು ಸಾಕು."

"ಸಾಕು. ಆದ್ರೆ ಗಡ್ಡೆ ಸಪಾಟಾಗಿರ್ಬೇಕು. ಹಿಂದೆ ಸರಿದು ಗುದ್ದೋ ಹಾಗಿಲ್ಲ. ಒಂದೇ ಸಮ, ನಾವು ನೀವು ಬಸ್ಸು ಹಿಡಿಯೋಕೆ ನಡೀತೀವಲ್ಲ, ಆ ವೇಗದಲ್ಲಾದ್ರೂ ಹೋಗ್ತಾ ಇರ್ಬೇಕು."

"ಬಲ, ವೇಗ, ಎರಡನ್ನೂ ದಾಖಲು ಮಾಡಿದ್ದು ಸ್ಟೆನ್‌ರೂಸ್."

ನನ್ನ ಕೈಗೆ ಹುರುಪು ಬಂತು. ಸ್ಟೆನ್‌ರೂಸ್ ಯಾರ್ಡಿನ ಎಂಜಿನಿಯರು. ಈ ಪತ್ತೇದಾರಿಕೆ ಶುರುವಾದಾಗಿನಿಂದ ಅವನ ಮೇಲೆ ನಾನು ಕಣ್ಣಿಟ್ಟಿದ್ದೆ, ಇನ್ಸ್‌ಪೆಕ್ಟರ ಕಣ್ಣನ್ನೂ ಅತ್ತಲೇ ತಿರುಗಿಸಿದ್ದೆ.

"ನಾನು ಮೊದಲೇ ಹೇಳಿದ್ನಲ್ಲ ಮೇಡಂ, ಅವನ ಗಡ್ಡ ನೋಡಿದ್ರೇ ಗೊತ್ತಾಗತ್ತೆ. ಕೆನ್ನೆ ಮೇಲೆ ಒಂದು ಲೆಕ್ಕ, ಗದ್ದದ ಮೇಲೆ ಇನ್ನೊಂದು ಲೆಕ್ಕ. ಹಡಗು ಮಾರಬೇಕಿತ್ತು, ಅಂಕಿ ತಿದ್ದಿದಾನೆ."

"ಅವರ ಅಳತೆಗಳನ್ನ ಹೆಲ್ಸಿಂಕಿಯಲ್ಲಿ ಬೇರೆಯವರ ಕೈಲಿ ಮತ್ತೆ ಲೆಕ್ಕ ಹಾಕಿಸ್ದೆ. ಬಲ ಸರಿ ಇದೆ. ವೇಗ ಸರಿ ಇದೆ. ಫೆಬ್ರವರಿಯಲ್ಲೂ ಆಹ್ಮಾ ಪೂರ್ತಿ ಬಲ ಹಾಕಿತ್ತು, ಒಂದು ಚೂರೂ ಕಡಿಮೆ ಇಲ್ಲ. ಯಾರೂ ಧೈರ್ಯಗೆಟ್ಟಿಲ್ಲ."

"ಮತ್ತೆ ಭಾವ ಬಚಾವಾದ್ರಲ್ಲ."

"ಅಷ್ಟಕ್ಕೇ ಆಗಲ್ಲ. ಪೂರ್ತಿ ಬಲ ಹಾಕಿಯೂ ನಿಂತಿತು ಅಂದ್ರೆ, ಪರೀಕ್ಷೆ ದಿನ ಅದು ಹೇಗೆ ಹೋಯ್ತು ಅಂತ ಕೇಳ್ತಾರೆ."

ನಾನು ಬೈರಿಗೆಯನ್ನೇ ನೋಡುತ್ತಿದ್ದೆ. ಮೂರರಲ್ಲಿ ಎರಡು ಸರಿ. ಮೂರನೆಯದನ್ನು ಅಳೆದ ಮನುಷ್ಯ ಈಗ ಬೆವರುತ್ತಿದ್ದ. ಮೈನಸ್ ಹದಿನೈದರಲ್ಲಿ ಬೆವರುವುದು ಸುಲಭವಲ್ಲ. ಅದಕ್ಕೂ ಒಂದು ಕಸುಬುದಾರಿಕೆ ಬೇಕು.

"ದಪ್ಪಕ್ಕೆ ಎರಡನೇ ಸಾಕ್ಷಿ ಇರ್ಬೇಕಿತ್ತು," ಆಕೆ ಮುಂದುವರಿಸಿದರು. "ಹಡಗಿನ ಪಕ್ಕಕ್ಕೆ ಪಟ್ಟೆ ಬಳಿದ ಕೋಲು ಇಳಿಬಿಡ್ತಾರೆ. ಒಡೆದ ಗಡ್ಡೆ ಮಗುಚ್ಕೊಂಡು ಅಂಚು ಮೇಲೆ ನಿಂತಾಗ ಕೋಲಿನ ಪಟ್ಟೆಗೆ ಹೋಲಿಸಿ ಚಿತ್ರ ತೆಗೀತಾರೆ."

"ಕ್ಯಾಮೆರಾ ಆ ಚಳಿಗೆ ಸತ್ತೋಯ್ತು. ಆವತ್ತಿನ ಚಳಿ ಎಂಥದ್ದು ಅಂದ್ರೆ ನಾನು ಆಡಿದ ಮಾತು ಗಟ್ಟಿಯಾಗಿ ಕೆಳಗೆ ಬೀಳ್ತಿತ್ತು. ಆರಿಸ್ಕೊಂಡು ಹಡಗಿಗೆ ತಗೊಂಡೋಗಿ ಕರಗಿಸಿ ಕೇಳ್ಬೇಕಿತ್ತು."

"ಆದ್ರೂ ನಿಮ್ಮ ಮಾತು ರೇಡಿಯೋದಲ್ಲಿ ಚೆನ್ನಾಗೇ ಕೇಳಿಸಿದೆ. ಬರ್ಕೊಂಡೋರು ಪಿಹ್ಲಾ ಅಲ್ವಾ?"

"ಹೂಂ. ನಮ್ಮ ಪಿಹ್ಲಾ."

ಪಿಹ್ಲಾ ನನ್ನ ಅಕ್ಕನ ಒಬ್ಬಳೇ ಮಗಳು, ಆಹ್ಮಾದಲ್ಲಿ ಅಪ್ಪನ ಕೈಕೆಳಗೆ ಸರದಿಯಲ್ಲಿ ಹಡಗು ನಡೆಸುವ ಅಧಿಕಾರಿ. ಸಮುದ್ರದ ಗುಡುಗನ್ನು ನಾನು ಸೀಸೆಯಲ್ಲಿ ಹಿಡಿದು ತಂದುಕೊಟ್ಟಿದ್ದೇನೆಂದು ಏಳು ವರ್ಷದ ಹುಡುಗಿಯಾಗಿದ್ದಾಗ ನಂಬಿದ್ದಳು. ಇಪ್ಪತ್ತೇಳಾದರೂ ಆ ಸೀಸೆಯ ಮುಚ್ಚಳ ತೆರೆದಿಲ್ಲ. ಫೆಬ್ರವರಿಯ ನಂತರ ಅವಳು ಮಹಡಿಯ ಕೋಣೆ ಬಿಟ್ಟು ಕೆಳಗೆ ಬರುವುದೇ ಅಪರೂಪ. ಕಣ್ಣೆದುರಿಗೆ ಹಡಗು ಮುಳುಗಿದ್ದನ್ನು ಕಂಡಿದ್ದಾಳಲ್ಲ, ಅದಕ್ಕೆ ಎಂದು ಅಕ್ಕ ಹೇಳುತ್ತಾಳೆ.

ಬೈರಿಗೆಯ ಹಿಡಿ ಗಡ್ಡೆಗೆ ತಾಗಿ ಟಕ್ ಎಂದಿತು. ಇನ್ನು ಕೆಳಗೆ ಇಳಿಯುವಂತಿರಲಿಲ್ಲ. ಮೇಲೆತ್ತಿದೆ. ತೂತಿನೊಳಗೆ ಬಗ್ಗಿ ನೋಡಿದೆ. ಒಣಗಿತ್ತು. ಗಡ್ಡೆ ತೂತಾಗಿದ್ದರೆ ನೀರು ಗುಳುಗುಳು ಎಂದು ಮೇಲಕ್ಕೆ ನುಗ್ಗುತ್ತದೆ. ಇಲ್ಲಿ ಒಂದು ಹನಿಯೂ ಇಲ್ಲ.

ನನಗೆ ಎಷ್ಟು ಹಿಗ್ಗಾಯಿತೆಂದರೆ ಬೆವರು ಹಾಗೇ ಇಂಗಿತು. ಹಿಮ್ಮಡಿ ಗೆದ್ದಿತ್ತು.

"ನೋಡಿದ್ರಾ? ಮೀಟರ್ ಮೇಲಿದೆ. ನಾನು ಏನಂದೆ? ನೂರ ಎಂಟು."

"ಮೀಟರ್ ಮೇಲಿದೆ ಅನ್ನೋದು ಗೊತ್ತಾಯ್ತು," ಎಂದರು ಇನ್ಸ್‌ಪೆಕ್ಟರ್. ಸೀಟಿನಿಂದ ಇಳಿದು ಬಂದು ತೂತಿನ ಪಕ್ಕ ಮಂಡಿಯೂರಿದರು. "ಒಂದರ ಮೇಲೊಂದು ಹತ್ತಿ ಕೂತ ಗಡ್ಡೆ ಇದು. ಅದಕ್ಕೇ ಈ ಜಾಗ ಆರಿಸ್ದೆ. ಈಗ ನೂರ ಎಂಟು ಅಂತ ಅಳೆದು ತೋರಿಸಿ."

"ಅದಕ್ಕೆ ಜೋಡಣೆ ಕೋಲು ಬೇಕು."

"ಎಲ್ಲಿ?"

ಬಾಯಿ ತಿರುಗಿತು. ನಾನು ತಿರುಗಿಸಲಿಲ್ಲ, ತಾನೇ ತಿರುಗಿತು.

"ಸಮುದ್ರಕ್ಕೆ ಬಿತ್ತು ಮೇಡಂ. ಜನವರಿಯಲ್ಲಿ. ಒಂದು ಪೈಕ್ ಮೀನು, ಇಷ್ಟುದ್ದ ಇತ್ತು, ನನ್ನ ಕೈಯಿಂದ ಕಸ್ಕೊಂಡು ಹೋಯ್ತು."

"ಜನವರಿಯಲ್ಲಿ. ಅಂದ್ರೆ ಹೋದ ವರ್ಷ ಪರೀಕ್ಷೆ ದಿನ ಕೋಲು ನಿಮ್ಮ ಹತ್ರ ಇತ್ತು."

"ಇರ್ಲೇಬೇಕಲ್ಲ. ಇಲ್ದಿದ್ರೆ ಒಂದು ಮೀಟರಿನ ಬೈರಿಗೆಯಲ್ಲಿ ನೂರ ಹನ್ನೆರಡು ಹೇಗೆ ಅಳೀಲಿ?"

ಹೇಳಿ ಮುಗಿಸಿದ ಮೇಲೆ ಆ ವಾಕ್ಯ ನಮ್ಮಿಬ್ಬರ ನಡುವೆ ಗಡ್ಡೆಯ ಮೇಲೆ ಕೂತುಕೊಂಡಿತು. ಇನ್ಸ್‌ಪೆಕ್ಟರ ದವಡೆ ನಿಂತಿತ್ತು. ಮಿಠಾಯಿ ಕರಗಿತ್ತು.

"ಅದನ್ನೇ ಕೇಳೋಣ ಅಂತಿದ್ದೆ," ಎಂದರು.

ಕಪ್ಪು ಚುಕ್ಕೆ ಈಗ ಚುಕ್ಕೆಯಾಗಿರಲಿಲ್ಲ. ಕಾಲಿನಿಂದ ಒದ್ದು ತಳ್ಳುವ ಜಾರುಬಂಡಿಯ ಮೇಲೆ ಯಾರೋ ನಮ್ಮ ಕಡೆಗೇ ಬರುತ್ತಿದ್ದರು.

"ಶನಿವಾರ ನಿಮ್ಮ ಅಕ್ಕ ನನ್ನನ್ನ ಸೌನಾಕ್ಕೆ ಕರೆದಿದ್ರು," ಇನ್ಸ್‌ಪೆಕ್ಟರ್ ಕೈಗವಸಿನ ಹಿಮ ಕೊಡವಿದರು. "ಹೆಂಗಸರ ಸರದಿ ಮೊದಲು. ನಿಮ್ಮನ್ನೂ ಕರೆದಿದ್ರಂತೆ, ಗಂಡಸರ ಸರದಿಗೆ. ನೀವು ಬರಲಿಲ್ಲ."

"ಬೆನ್ನು ನೋವು."

"ಫೆಬ್ರವರಿಯಿಂದ ಬೆನ್ನು ನೋವಂತೆ. ಹಿಲ್ಯಾ ಹೇಳಿದ್ರು. ಬೆನ್ನು ನೋವಿಗೆ ಜನ ಸೌನಾಕ್ಕೆ ಹೋಗ್ತಾರೆ, ನೀವು ಬಿಡ್ತೀರಂತೆ."

ಭಾವನ ಜೊತೆ ಬೆತ್ತಲೆ ಕೂತು, ಕಲ್ಲಿನ ಒಲೆಗೆ ನೀರು ಸುರಿದು, ಆ ಹಬೆಯಲ್ಲಿ ಅವರ ಮುಖ ನೋಡುವುದು ನನ್ನಿಂದ ಆಗಿರಲಿಲ್ಲ. ಅಕ್ಕ ವಾರವಾರ ಬುಟ್ಟಿಯಲ್ಲಿ ಗಿಣ್ಣಿನ ಚೀಸ್ ಕಳಿಸುತ್ತಿದ್ದಳು, ಕಾಫಿಯಲ್ಲಿ ಅದ್ದಿಕೊಂಡು ತಿನ್ನಲಿ ಎಂದು. ಎಲ್ಲವೂ ಹಾಗೇ ಫ್ರಿಜ್ಜಿನಲ್ಲಿತ್ತು. ಆ ಫ್ರಿಜ್ಜಿನ ಬಾಗಿಲನ್ನೂ ನಾನು ತೆಗೆಯುತ್ತಿರಲಿಲ್ಲ.

"ಒಳಗೆ ಹೋಗೋ ಮುಂಚೆ ಟವೆಲ್ ತೂಗುಹಾಕೋಕೆ ಒಂದು ಉಕ್ಕಿನ ಸರಳಿದೆ," ಎಂದರು. "ಎರಡು ಮೊಳೆಯ ಮೇಲೆ ಕೂರಿಸಿದಾರೆ. ಬೆಳ್ಳಗೆ ಬಣ್ಣ ಬಳಿದಿದಾರೆ, ಆದ್ರೆ ಒಂದು ತುದೀಲಿ ಬಣ್ಣ ಎದ್ದು ಕೆಳಗೆ ಕೆಂಪು ಕಾಣತ್ತೆ. ಆ ತುದೀಲಿ ತಿರುಪಿದೆ. ತಿರುಪಿನ ಹಲ್ಲುಗಳು ವಕ್ರವಾಗಿವೆ, ಯಾರೋ ಅರ ಹಾಕಿ ಉಜ್ಜಿದ ಹಾಗೆ. ಹಿಲ್ಯಾನ ಕೇಳ್ದೆ."

ನಾನು ಮಾತಾಡಲಿಲ್ಲ. ಇದು ನನ್ನ ಜೀವನದಲ್ಲಿ ಎರಡನೆಯ ಸಲ. ಮೊದಲನೆಯದು ಹುಟ್ಟಿದ ಗಳಿಗೆ, ಅದೂ ಸೂಲಗಿತ್ತಿ ಬೆನ್ನಿಗೆ ತಟ್ಟುವವರೆಗೆ.

"ನಮ್ಮ ಯಾಲ್ಮರಿ ಹಾಕಿಕೊಟ್ಟದ್ದು ಅಂದ್ರು. ಈ ಸೌನಾ ಹೊಸದಾಗಿ ಕಟ್ಟಿಸಿದ ವರ್ಷ. ಪೇಂಟು ಬಳಿದದ್ದು ತಾವೇ, ಆಹ್ಮಾದ ಪರೀಕ್ಷೆಯ ಹಿಂದಿನ ಕ್ರಿಸ್‌ಮಸ್ಸಿಗೆ. ಅಲ್ಲಿಂದಾಚೆಗೆ ಆ ಸರಳು ಒಂದು ದಿನವೂ ಕೆಳಗಿಳಿದಿಲ್ಲ."

"ಎರಡಿದ್ವು," ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. "ಜೋಡಣೆ ಕೋಲು ಎರಡಿದ್ವು. ಒಂದು ಸೌನಾದಲ್ಲಿ, ಇನ್ನೊಂದು ಪೈಕ್ ಮೀನು..."

"ಯಾಲ್ಮರಿ."

"ಏನು?"

"ಭೂಮಿ ಮೇಲೆ ಒಂದೇ ಒಂದು. ಈಗ ತಾನೆ ಹೇಳಿದ್ರಿ."

ಸ್ಕೂಟರಿನ ಅಂಚಿನ ಮೇಲೆ ಕೂತೆ. ಜಾರುಬಂಡಿಯ ಉಕ್ಕಿನ ಪಟ್ಟಿಗಳು ಹಿಮದ ಮೇಲೆ ಸರಕ್ ಸರಕ್ ಎನ್ನುವುದು ಈಗ ಸ್ಪಷ್ಟವಾಗಿ ಕೇಳುತ್ತಿತ್ತು. ನೀಲಿ ಟೋಪಿ, ಅಗಲವಾದ ಭುಜ. ಬಂಡಿಯ ಸೀಟಿಗೆ ಅಡ್ಡಲಾಗಿ ಕಟ್ಟಿದ ಒಂದು ಬಿಳಿ ಸರಳು. ಅದರಿಂದ ಇನ್ನೂ ಒಂದು ಗುಲಾಬಿ ಟವೆಲ್ ನೇತಾಡುತ್ತಿತ್ತು.

"ನೀವೇ ಬರೋಕೆ ಹೇಳಿದ್ರಾ?" ಎಂದೆ.

"ಸರಳು ತನ್ನಿ ಅಂದೆ. ಯಾಕೆ ಅಂತ ಅವರಿಗೆ ಹೇಳಿಲ್ಲ. ಅದು ನಿಮ್ಮ ಕೆಲಸ."

ಭಾವ ಬಂದು ನಿಂತರು. ಫೆಬ್ರವರಿಯಿಂದ ಈಚೆಗೆ ಹತ್ತು ವರ್ಷ ಹೆಚ್ಚು ಮುದುಕರಾಗಿದ್ದರು. ಇದು ನನ್ನ ಉತ್ಪ್ರೇಕ್ಷೆಯಲ್ಲ. ಇಂಥದ್ದಕ್ಕೆ ನಾನು ಕೈಹಾಕಲಾರೆ.

"ಏನಪ್ಪಾ ಯಾಲ್ಮರಿ, ಬೆನ್ನು ಹೇಗಿದೆ?" ಎಂದರು.

"ಪರವಾಗಿಲ್ಲ ಭಾವ."

"ನಿನ್ನ ಅಕ್ಕ ಬೈತಿದ್ಲು. ಟವೆಲ್ ತೆಗೆಯೋಕೂ ಬಿಡದೆ ಕಿತ್ಕೊಂಡು ಬಂದಿದೀನಿ."

ಇನ್ಸ್‌ಪೆಕ್ಟರ್ ಸರಳನ್ನು ಬಿಚ್ಚಿ, ಟವೆಲ್ಲನ್ನು ಭಾವನ ಕೈಗೆ ಕೊಟ್ಟು, ಬೈರಿಗೆಯ ಹಿಡಿ ಕಳಚಿ ಸರಳಿನ ತುದಿಯನ್ನು ತಿರುಪಿಗೆ ಇಟ್ಟು ತಿರುಗಿಸಿದರು. ಸುಲಭಕ್ಕೆ ಕೂತಿತು. ಬಿಳಿ ಬಣ್ಣದ ಚಕ್ಕೆಗಳು ಹಿಮದ ಮೇಲೆ ಉದುರಿದವು. ಆ ತಿರುಪನ್ನು ಉಜ್ಜಿದ ಸಂಜೆ ನನಗೆ ನೆನಪಾಯಿತು. ಎಷ್ಟು ಚೆನ್ನಾಗಿ ಉಜ್ಜಿದ್ದೆ.

ಆಕೆ ಹಿಡಿಯನ್ನು ಮೇಲಿನ ತುದಿಗೆ ಜೋಡಿಸಿ ಹಳೆಯ ತೂತಿನೊಳಗೆ ಬೈರಿಗೆ ಇಳಿಸಿದರು. ನಾಲ್ಕೇ ಸುತ್ತು. ಗುಳುಗುಳು ಎಂದು ನೀರು ಉಕ್ಕಿತು. ತುದಿಯಲ್ಲಿ ಕೊಕ್ಕೆಯಿದ್ದ ಅಳತೆ ಕೋಲನ್ನು ಇಳಿಸಿ, ಕೊಕ್ಕೆಯನ್ನು ಗಡ್ಡೆಯ ತಳಕ್ಕೆ ಸಿಕ್ಕಿಸಿ ಎಳೆದು ಓದಿದರು.

"ನೂರ ಮೂರು," ಎಂದರು. "ಕಾಲು ನೀವೇ ಇಟ್ಕೊಳ್ಳಿ."

ಭಾವ ನನ್ನನ್ನು ನೋಡಿದರು, ಬೈರಿಗೆಯನ್ನು ನೋಡಿದರು, ಕೈಯಲ್ಲಿದ್ದ ಟವೆಲ್ಲನ್ನು ನೋಡಿದರು. ಅವರು ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಕೇಳಲಿಲ್ಲ. ನಮ್ಮ ಕಡೆಯವರು ಕೇಳುವುದಿಲ್ಲ, ಕಾಯುತ್ತಾರೆ.

"ಭಾವ," ಎಂದೆ. "ಪರೀಕ್ಷೆ ದಿನ ಬೆಳಗ್ಗೆ ಹಡಗಲ್ಲಿ ತಿಂಡಿ ತಿಂತಾ ಇದ್ವಲ್ಲ. ನಾನು ಏನಂದೆ, ನೆನಪಿದೆಯಾ?"

"ಬೂಟು."

"ಹೂಂ. ಇವತ್ತಿನ ಗಡ್ಡೆ ನಾನು ಆರಿಸಿದ್ದು, ಹಿಮ್ಮಡಿಯಲ್ಲಿ ಕುಟ್ಟಿ ನೋಡಿದೀನಿ, ನೂರ ಹನ್ನೆರಡು. ಒಂದು ಸೆಂಟಿಮೀಟರ್ ಕಡಿಮೆ ಬಂದ್ರೆ ಈ ಬೂಟನ್ನ ಸಾಸಿವೆ ಹಚ್ಕೊಂಡು ತಿಂತೀನಿ ಅಂದೆ. ಯಾರ್ಡಿನೋರು, ಮಾಲೀಕರ ಕಡೆಯೋರು, ಎಲ್ಲ ನಕ್ರು. ಸ್ಟೆನ್‌ರೂಸ್ ಸಾಸಿವೆ ಡಬ್ಬಿ ತಂದು ನನ್ನ ಮುಂದೆ ಇಟ್ಟ."

ಅಲ್ಲೇ ಪಕ್ಕದಲ್ಲಿ ಕಾಫಿಯ ಫ್ಲಾಸ್ಕ್ ಇತ್ತು. ಮುಟ್ಟಲಿಲ್ಲ.

"ಆಮೇಲೆ ಗಡ್ಡೆ ಮೇಲೆ ಹೋದೆ. ಹಡಗು ನನ್ನ ಹಿಂದೆ ಹೊಗೆ ಬಿಡ್ತಾ ಕಾಯ್ತಿತ್ತು. ಮೊದಲನೇ ತೂತು ಕೊರೆದೆ. ಹಿಡಿ ಇನ್ನೂ ಮೇಲಿರೋವಾಗ್ಲೇ ನೀರು ಬಂತು. ಎಂಬತ್ತನಾಲ್ಕು. ಜೋಡಣೆ ಕೋಲು ಬೇಕಾಗ್ಲೇ ಇಲ್ಲ ಭಾವ. ಅದು ಸೌನಾದಲ್ಲಿದೆ ಅನ್ನೋದು ನನಗೆ ನೆನಪೂ ಆಗ್ಲಿಲ್ಲ. ಮುಂದಿನ ತೂತಲ್ಲೂ ಅಷ್ಟೇ, ಅದರ ಮುಂದಿನದ್ರಲ್ಲೂ ಅಷ್ಟೇ. ರೇಡಿಯೋದಲ್ಲಿ ಎಷ್ಟು ಅಂತ ಕೇಳಿದ್ರು. ನಾನು ಬೂಟು ನೋಡ್ದೆ."

"ನೋಡಿ?" ಎಂದರು ಇನ್ಸ್‌ಪೆಕ್ಟರ್, ಮೆತ್ತಗೆ.

"ನೂರ ಹನ್ನೆರಡು ಅಂದೆ. ಯಾರೂ ದುಡ್ಡು ಕೊಡ್ಲಿಲ್ಲ. ಯಾರೂ ಹೆದರಿಸ್ಲಿಲ್ಲ. ಒಂದು ಸಾಸಿವೆ ಡಬ್ಬಿ ಅಷ್ಟೇ." ಬೂಟಿನ ಮೇಲಿನ ಹಿಮ ಕೊಡವಿದೆ. "ಆ ಮುದುಕ ಸತ್ತದ್ದು ನನ್ನಿಂದ. ನಿಮ್ಮ ಪರವಾನಗಿ ಹೋಗ್ತಿರೋದೂ ನನ್ನಿಂದ. ಸೋಮವಾರ ಬಂದು ಇದನ್ನೇ ಹೇಳ್ತೀನಿ. ನೀವು ಸುಳ್ಳು ಅಳತೆ ನಂಬಿ ಮೋಸ ಹೋದ್ರಿ, ನಿಮ್ಮ ತಪ್ಪಿಲ್ಲ ಅಂತ."

ಹೇಳಿದ ಮೇಲೆ ಹಗುರವಾಗಬೇಕಿತ್ತು. ಎಲ್ಲರೂ ಹಾಗೇ ಹೇಳುತ್ತಾರೆ. ನಾನು ಮುಖವೆತ್ತಿ ಕಾದೆ. ಬೈಯಲಿ, ಹೊಡೆಯಲಿ, ಆ ಬೈರಿಗೆಯನ್ನೇ ಎತ್ತಲಿ.

ಭಾವ ಟವೆಲ್ಲನ್ನು ನಾಲ್ಕಾಗಿ ಮಡಚಿ ಕೋಟಿನೊಳಗೆ ಸಿಕ್ಕಿಸಿಕೊಂಡರು.

"ನಂಗೆ ಗೊತ್ತಿತ್ತು," ಎಂದರು.

ನನಗೆ ಅರ್ಥವಾಗಲಿಲ್ಲ. "ಏನು ಗೊತ್ತಿತ್ತು?"

"ಎಂಬತ್ತರ ಹತ್ರ ಹತ್ರ ಅಂತ. ಆವತ್ತೇ. ಕ್ಯಾಮೆರಾ ಸತ್ತಿತ್ತು, ನನ್ನ ಕಣ್ಣು ಸತ್ತಿರ್ಲಿಲ್ವಲ್ಲ. ಹೊರಗೆ ನಿಂತು ಪಟ್ಟೆ ಕೋಲಿನ ಮುಂದೆ ಗಡ್ಡೆ ಮಗುಚೋದನ್ನ ನೋಡ್ತಾ ಇದ್ದೆ." ಅವರು ದಡದ ಕಡೆ ತಿರುಗಿದರು. "ಹಡಗು ಚೆನ್ನಾಗೇ ಇದೆ, ನಡೆಸೋನು ನಾನು, ಎಷ್ಟರ ಮಟ್ಟಿಗೆ ನುಗ್ಗಿಸ್ಬೇಕು ಅಂತ ನನಗೆ ಗೊತ್ತಿದ್ರೆ ಸಾಕು ಅಂದ್ಕೊಂಡೆ. ನಿನ್ನನ್ನ ಅಷ್ಟು ಜನರ ಮುಂದೆ ಬೂಟು ತಿನ್ನಿಸೋಕೆ ಮನಸ್ಸು ಬರ್ಲಿಲ್ಲ. ಬಾಯಿ ಮುಚ್ಕೊಂಡೆ. ಯಾರಿಗೂ ಹೇಳ್ಲಿಲ್ಲ. ಮನೇಲೂ ಹೇಳ್ಲಿಲ್ಲ."

ಇನ್ಸ್‌ಪೆಕ್ಟರ್ ಜೇಬಿಗೆ ಕೈಹಾಕಿ ಮಿಠಾಯಿ ತೆಗೆದರು. ಬಾಯಿಗೆ ಹಾಕಿಕೊಳ್ಳಲಿಲ್ಲ.

"ಕ್ಯಾಪ್ಟನ್ ನಿಸ್ಕಾ," ಎಂದರು, "ಈ ಹಡಗು ನೂರರ ಗಡ್ಡೆ ಒಡೆಯೋದಿಲ್ಲ ಅಂತ ಅದರ ಮೇಲಿದ್ದೋರಲ್ಲಿ ಗೊತ್ತಿದ್ದ ಒಬ್ಬರೇ ಒಬ್ಬರು ನೀವು. ಫೆಬ್ರವರಿಯಲ್ಲಿ ನೂರರ ಗಡ್ಡೆಗೆ ನೆಟ್ಟಗೆ ನುಗ್ಗಿಸಿದ್ದೂ ನೀವೇ ಅಂತ ಹೇಳಿಕೆ ಕೊಟ್ಟಿದೀರ."

ಭಾವ ಕೋಟಿನ ಗುಂಡಿ ಹಾಕಿಕೊಂಡರು.

"ಗೊತ್ತಿದ್ದೋರು ನುಗ್ಗಿಸಲ್ಲ. ನಂಬಿದ್ದೋರು ನುಗ್ಗಿಸ್ತಾರೆ. ಆ ಹೊತ್ತಲ್ಲಿ ಚುಕ್ಕಾಣಿ ಕೋಣೆಯಲ್ಲಿ ಯಾರಿದ್ರು?"

ಭಾವ ನನ್ನನ್ನು ನೋಡಿದರು. ಬೇಡುವವನ ನೋಟ ಅದು. ಆ ಮುಖದ ಮೇಲೆ ಅಂಥದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅವರ ಭುಜದ ಆಚೆ ಹಳದಿ ಮನೆಯಿತ್ತು. ಮಹಡಿಯ ಕಿಟಕಿಯ ಪರದೆ ಹಗಲಿನಲ್ಲೂ ಮುಚ್ಚಿತ್ತು.

"ಯಾಲ್ಮರಿ?" ಎಂದರು ಇನ್ಸ್‌ಪೆಕ್ಟರ್. "ನಿಮಗೆ ಗೊತ್ತಾಯ್ತು ಅಲ್ವಾ?"

ಗೊತ್ತಾಗಿತ್ತು. ಈಗ ತಾನೆ ಒಂದು ನಿಜ ಹೇಳಿದ್ದೆ, ಬಾಯಿಗೆ ಇನ್ನೂ ಅದರ ಅಭ್ಯಾಸವಾಗಿರಲಿಲ್ಲ. ಇನ್ನೊಂದನ್ನು ಹೇಳಲು ತುಟಿ ಬಿಚ್ಚಿದೆ, ಮುಚ್ಚಿದೆ. ರೇಡಿಯೋದಲ್ಲಿ ಪಿಹ್ಲಾ ಏನೆಂದು ಕೇಳಿದ್ದಳೆಂದು ನಾನು ಇಬ್ಬರಿಗೂ ಬಿಡಿಸಿ ಹೇಳಿರಲಿಲ್ಲ, ನನಗೂ ಹೇಳಿಕೊಂಡಿರಲಿಲ್ಲ. ಗುಡುಗಿನ ಸೀಸೆಯನ್ನು ಇಪ್ಪತ್ತು ವರ್ಷ ಮುಚ್ಚಳ ತೆಗೆಯದೆ ಕಾಪಾಡಿದ ಹುಡುಗಿ ಅವಳು. ಆ ಚಳಿಯಲ್ಲಿ, ಹಡಗಿನ ಗದ್ದಲದ ನಡುವೆ, ಅಂಕಿ ಬರೆದುಕೊಳ್ಳುವ ಮುನ್ನ ಪಿಹ್ಲಾ ಇನ್ನೊಂದು ಸಲ ಕೇಳಿದ್ದಳು.

"ನೂರ ಹನ್ನೆರಡಾ ಮಾವ? ಸರಿಯಾಗಿ ನೋಡಿದ್ರಾ?"

"ನೋಡೋದೇನು ಮಗಳೇ," ಎಂದಿದ್ದೆ ನಾನು. "ನಿನ್ನ ಮಾವ ಯಾವತ್ತಾದ್ರೂ ತಪ್ಪಿದಾನಾ?"